ದಾರದ ಗಿರಣಿಯವರು ಗೆದ್ದ ಮೊದಲ ಕಪ್: 1885ರ ‘ಅಮೆರಿಕನ್ ಕಪ್’ ಬಗ್ಗೆ ಗೊತ್ತಿರೋರು ಬನ್ನಿ

ಹ್ಯಾರಿಸನ್ ಪ್ಯಾಸೆಂಜರ್:
ನಮಸ್ಕಾರ. ನಾನಿರುವುದು ನ್ಯೂಜೆರ್ಸಿಯಲ್ಲಿ. ಹ್ಯಾರಿಸನ್ ಸ್ಟೇಷನ್ನಿನಲ್ಲಿ ಇಳಿದರೆ ರೆಡ್ ಬುಲ್ಸ್ ತಂಡದ ಸ್ಟೇಡಿಯಂ ನಡೆದು ಹೋಗುವಷ್ಟು ಹತ್ತಿರ. ಹೋದ ಶನಿವಾರ ಮ್ಯಾಚಿಗೆ ತುಂಬಾ ಬೇಗ ಹೋಗಿಬಿಟ್ಟೆ. ಸುಮ್ನೆ ಕೂರೋದ್ಯಾಕೆ ಅಂತ ಪಸೇಯಿಕ್ ನದಿ ದಂಡೆ ಕಡೆ ಹೆಜ್ಜೆ ಹಾಕಿದೆ. ಸ್ವಲ್ಪ ದೂರದಲ್ಲಿ ಕೆಂಪು ಇಟ್ಟಿಗೆಯ ದೊಡ್ಡ ಹಳೇ ಗಿರಣಿ. ಉದ್ದಕ್ಕೂ ಸಾಲು ಕಿಟಕಿಗಳು. ಕ್ಲಾರ್ಕ್ ಥ್ರೆಡ್ ಅನ್ನುವ ಹೊಲಿಗೆ ದಾರದ ಕಂಪನಿಯದ್ದಂತೆ.

ಮನೆಗೆ ಬಂದು ಓದುತ್ತಾ ಹೋದರೆ, 1885ರಲ್ಲಿ ಈ ಗಿರಣಿಯವರ ತಂಡ ‘ಅಮೆರಿಕನ್ ಕಪ್’ ಅನ್ನುವ ಫುಟ್‌ಬಾಲ್ ಕಪ್ ಗೆದ್ದಿತ್ತು ಅಂತ ತಿಳಿಯಿತು. ನಾನು ಈವರೆಗೆ ನಂಬಿಕೊಂಡಿದ್ದೇ ಬೇರೆ. 1994ರ ವಿಶ್ವಕಪ್ ಬರುವವರೆಗೂ ಅಮೆರಿಕದವರಿಗೆ ನಮ್ಮ ಫುಟ್‌ಬಾಲ್ ಗೊತ್ತೇ ಇರಲಿಲ್ಲ ಅಂದುಕೊಂಡಿದ್ದೆ. ಇದರ ಕಥೆ ಏನು? ದಾರದ ಕಂಪನಿಗೆ ಫುಟ್‌ಬಾಲ್ ಯಾಕೆ ಬೇಕಿತ್ತು?

ಬಾಲ್ಕನಿ ಟಿಕೆಟ್:
ಅದಕ್ಕಿಂತ ಹಳೇದಿದೆ ಗುರು. 1869ರಲ್ಲೇ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ಆಡಿದ್ದವು. ಅದೂ ನ್ಯೂಜೆರ್ಸಿಯಲ್ಲೇ. ಕಾಲೇಜಿನವರು ಶುರು ಮಾಡಿದ್ದು, ಗಿರಣಿಯವರು ಆಮೇಲೆ ನೋಡಿ ಕಲಿತಿದ್ದು.

ಹಳೇ ಚೆಂಡು:
ಬಾಲ್ಕನಿಯವರೇ, ಇಸವಿ ಸರಿ, ಕಥೆ ಸರಿಯಿಲ್ಲ. ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

1869ರ ನವೆಂಬರ್ 6ರಂದು ನ್ಯೂ ಬ್ರನ್ಸ್‌ವಿಕ್‌ನಲ್ಲಿ ರಟ್ಗರ್ಸ್ 6-4ರಿಂದ ಗೆದ್ದಿದ್ದು ನಿಜ. ಒಂದೊಂದು ಕಡೆ 25 ಜನ. ಚೆಂಡನ್ನು ಎತ್ತಿಕೊಂಡು ಓಡುವಂತಿರಲಿಲ್ಲ. ಹಾಗಾಗಿ ಅದು ನಮ್ಮ ಫುಟ್‌ಬಾಲಿಗೆ ಹತ್ತಿರವಾದ ಆಟ. ಆದರೆ ಆ ದಾರಿ ಅಲ್ಲಿಗೇ ಮುಚ್ಚಿಹೋಯಿತು. ಹಾರ್ವರ್ಡ್‌ನವರಿಗೆ ಕೈಯಲ್ಲಿ ಹಿಡಿದು ಓಡುವ ಆಟವೇ ಇಷ್ಟ. 1874ರಲ್ಲಿ ಅವರು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೊತೆ ಆಡಿದರು, ರಗ್ಬಿ ರುಚಿ ಹತ್ತಿತು. 1876ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ದೊಡ್ಡ ಕಾಲೇಜುಗಳು ಸೇರಿ ರಗ್ಬಿ ಮಾದರಿಯ ನಿಯಮಗಳನ್ನೇ ಒಪ್ಪಿಕೊಂಡವು. ಹೆಲ್ಮೆಟ್ ಹಾಕಿಕೊಂಡು ಆಡುವ ಇವತ್ತಿನ ಅಮೆರಿಕನ್ ಫುಟ್‌ಬಾಲ್ ಬೆಳೆದದ್ದು ಆ ಬೇರಿನಿಂದ.

ಅಂದರೆ ಕಾಲೇಜಿನವರು ಬಿಟ್ಟ ಆಟವನ್ನು ಗಿರಣಿಯವರು ಆಡಿದರು. ನೋಡಿ ಕಲಿತದ್ದಲ್ಲ. ಅವರು ಹಡಗಿನಲ್ಲಿ ಬರುವಾಗಲೇ ಕಾಲಲ್ಲಿ ತಂದಿದ್ದರು.

ಈಗ ಕ್ಲಾರ್ಕ್ ವಿಷಯ. ಇದು ಸ್ಕಾಟ್ಲೆಂಡಿನ ಪೇಯ್ಸ್ಲಿ ಊರಿನ ಕುಟುಂಬ. ಹೊಲಿಗೆ ಮಿಷನ್ ಬಂದಮೇಲೆ ಹಳೇ ದಾರ ಪಟಪಟ ಕಿತ್ತುಹೋಗುತ್ತಿತ್ತು. ಇವರು ಆರು ಎಳೆಯ ಹೊಸ ದಾರ ಮಾಡಿದರು. ಅದಕ್ಕೆ ಇಟ್ಟ ಹೆಸರು ‘ಅವರ್ ನ್ಯೂ ಥ್ರೆಡ್’, ನಮ್ಮ ಹೊಸ ದಾರ. ಚಿಕ್ಕದಾಗಿ ‘ಒ.ಎನ್.ಟಿ.’. ನ್ಯೂಜೆರ್ಸಿಯ ನ್ಯೂವರ್ಕ್‌ ಊರಿನಲ್ಲಿ ಗಿರಣಿ ಹಾಕಿದರು, ಆಮೇಲೆ ನದಿಯಾಚೆ ಕಾರ್ನಿಯಲ್ಲೂ ಹಾಕಿದರು. ಕೆಲಸಕ್ಕೆ ತಮ್ಮೂರಿನ ಕಡೆಯಿಂದಲೇ ಸಾವಿರಾರು ಜನ ಬಂದರು. ಆ ಜನಕ್ಕಾಗಿ 1883ರಲ್ಲಿ ಕಂಪನಿ ಒಂದು ಕ್ಲಬ್ ಮಾಡಿತು. ತಂಡದ ಹೆಸರೂ ‘ಕ್ಲಾರ್ಕ್ ಒ.ಎನ್.ಟಿ.’. ದಾರದ ಬ್ರ್ಯಾಂಡೇ ತಂಡದ ಹೆಸರು! ಇವತ್ತು ಅಂಗಿ ಮೇಲೆ ಸ್ಪಾನ್ಸರ್ ಹೆಸರು ನೋಡಿ ಬೈಯುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಮುಂದಿನ ವರ್ಷ, 1884ರಲ್ಲಿ, ನ್ಯೂವರ್ಕ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿತು (ಹೆಲ್ಮೆಟ್ ಆಟದ್ದಲ್ಲ, ನಮ್ಮ ಫುಟ್‌ಬಾಲಿನ ಸಂಘ). ಸುತ್ತಮುತ್ತಲಿನ ತಂಡಗಳಿಗೆಲ್ಲ ಒಂದೇ ನಿಯಮ ಇರಲಿ ಅನ್ನುವುದು ಉದ್ದೇಶ. ಅದರ ಕಪ್ಪೇ ಅಮೆರಿಕನ್ ಕಪ್. ಮೊದಲ ಫೈನಲ್ 1885ರಲ್ಲಿ: ಒ.ಎನ್.ಟಿ. 2, ನ್ಯೂಯಾರ್ಕ್ 1. ಅದಾದಮೇಲೆ 1886, 1887ರಲ್ಲೂ ಅವರೇ.

ಸ್ಟ್ಯಾಂಡ್ ಎ:
‘ಕಿಯರ್ನಿ’ ಅಲ್ವಾ ಸರ್? ಕಾರ್ನಿ ಅಂತ ಬರೆದಿದ್ದೀರಿ.

ಹ್ಯಾರಿಸನ್ ಪ್ಯಾಸೆಂಜರ್:
ಇಲ್ಲಿಯವರು ‘ಕಾರ್ನಿ’ ಅಂತಾನೇ ಹೇಳೋದು. ನಾನೂ ಮೊದಲ ಆರು ತಿಂಗಳು ತಪ್ಪಾಗಿ ಹೇಳಿ ನಗೆಪಾಟಲಾಗಿದ್ದೆ. 😄

ಒಂದು ಗೊಂದಲ ಇದೆ ಹಳೇ ಚೆಂಡು ಅವರೇ. ಕೆಲವು ಕಡೆ ಈ ತಂಡವನ್ನು ನ್ಯೂವರ್ಕ್‌ನದ್ದು ಅಂತಾರೆ, ಕೆಲವು ಕಡೆ ಕಾರ್ನಿಯದ್ದು. ಆದರೆ ನಾನು ನೋಡಿದ ಗಿರಣಿ ಇರೋದು ‘ಈಸ್ಟ್ ನ್ಯೂವರ್ಕ್’ ಅನ್ನೋ ಪುಟ್ಟ ಊರಲ್ಲಿ.

ಹಳೇ ಚೆಂಡು:
ಮೂರೂ ಒಂದೇ ತಂಡ. ಈಸ್ಟ್ ನ್ಯೂವರ್ಕ್ 1895ರವರೆಗೆ ಕಾರ್ನಿಯ ಭಾಗವೇ ಆಗಿತ್ತು, ಆಮೇಲೆ ಬೇರೆ ಊರಾಯಿತು. ಜನರ ಬಾಯಲ್ಲಿ ಎಲ್ಲವೂ ನ್ಯೂವರ್ಕ್. ಯಲಹಂಕದವರು ಬೇರೆ ಊರಲ್ಲಿ ‘ಬೆಂಗಳೂರು’ ಅಂತ ಹೇಳ್ತಾರಲ್ಲ, ಹಾಗೆ.

ಸೀಟಿ:
ನಾನು ಸ್ಥಳೀಯ ಲೀಗ್‌ಗಳಲ್ಲಿ ರೆಫ್ರಿ ಆಗಿ ಓಡಾಡಿದವನು. ಆ ಕಾಲದ ಆಟ ಕಣ್ಣಮುಂದೆ ತಂದುಕೊಂಡರೆ ತಮಾಷೆ ಅನ್ಸುತ್ತೆ. 1885ರಲ್ಲಿ ಪೆನಾಲ್ಟಿ ಕಿಕ್ ಇರಲಿಲ್ಲ. ಅದು ಬಂದದ್ದು 1891ರಲ್ಲಿ. ಗೋಲಿಗೆ ಬಲೆಯೂ ಇರಲಿಲ್ಲ. ಚೆಂಡು ಕಂಬದ ಒಳಗೆ ಹೋಯಿತೋ ಹೊರಗೆ ಹೋಯಿತೋ ಅಂತ ಎರಡೂ ಕಡೆಯವರು ಕಿರುಚಾಡಬೇಕು. ಒಂದೊಂದು ತಂಡಕ್ಕೆ ಒಬ್ಬ ಅಂಪೈರ್. ಇಬ್ಬರೂ ಒಪ್ಪದಿದ್ದರೆ ಮಾತ್ರ ಮೈದಾನದ ಹೊರಗೆ ನಿಂತ ರೆಫ್ರಿಯನ್ನು ಕೇಳಬೇಕು. ರೆಫ್ರಿ ಮೈದಾನದೊಳಗೆ ಬಂದದ್ದೂ 1891ರಲ್ಲೇ.

ನಮ್ಮ ಕಡೆಯ ಅಂಪೈರ್ ನಮ್ಮ ಕಡೆಯೇ ಮಾತಾಡ್ತಾನೆ, ಅವರ ಕಡೆಯವನು ಅವರ ಕಡೆ. ಜಗಳ ಆಗದೆ ಇನ್ನೇನಾಗುತ್ತೆ? ಇಂಥ ನಿಯಮ ಇಟ್ಟುಕೊಂಡು ಮೂರು ಸಲ ಸತತ ಕಪ್ ಗೆದ್ದವರ ಗುಂಡಿಗೆ ಮೆಚ್ಚಬೇಕು.

ಬಾಲ್ಕನಿ ಟಿಕೆಟ್:
ಸರಿ, ಕಾಲೇಜಿನ ಮಾತು ವಾಪಸ್ ತಗೊಂಡೆ. ಆದರೆ ‘ಅಮೆರಿಕನ್ ಕಪ್’ ಅನ್ನೋ ಹೆಸರು ಜಾಸ್ತಿ ಆಯ್ತು. ನ್ಯೂಜೆರ್ಸಿ, ನ್ಯೂಯಾರ್ಕ್ ಬಿಟ್ಟರೆ ಯಾರಿದ್ದರು? ಒಂದು ಜಿಲ್ಲಾ ಟೂರ್ನಮೆಂಟಿಗೆ ದೇಶದ ಹೆಸರು.

ಕಡಲತೀರ:
ಮಾರಾಯ್ರೆ, ಫಾಲ್ ರಿವರ್ ಹೆಸರು ಕೇಳಿಲ್ವಾ ನೀವು?

ಹಳೇ ಚೆಂಡು:
ಕಡಲತೀರ ಅವರು ಸರಿಯಾದ ಜಾಗ ಮುಟ್ಟಿದರು. ಇದೇ ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ.

ಮ್ಯಾಸಚೂಸೆಟ್ಸ್‌ನ ಫಾಲ್ ರಿವರ್ ಹತ್ತಿ ಗಿರಣಿಗಳ ಊರು. ಕಾರ್ನಿಗೆ ಬಂದವರು ಸ್ಕಾಟಿಷ್ ಜನ. ಇಲ್ಲಿಗೆ ಬಂದವರಲ್ಲಿ ಇಂಗ್ಲೆಂಡಿನ ಲ್ಯಾಂಕಶೈರ್ ಕಡೆಯವರು ಜಾಸ್ತಿ. ಬೋಲ್ಟನ್, ಓಲ್ಡಮ್, ಬ್ಲ್ಯಾಕ್‌ಬರ್ನ್ ಕಡೆಯ ನೂಲುವವರು, ನೇಯುವವರು.

ಈಗ ಅತ್ತ ಇಂಗ್ಲೆಂಡಿನಲ್ಲಿ ಏನಾಗುತ್ತಿತ್ತು ನೋಡಿ. ಅಲ್ಲಿನ ಫುಟ್‌ಬಾಲ್ ಸಂಘದ ಎಫ್.ಎ. ಕಪ್ 1871-72ರಲ್ಲಿ ಶುರುವಾಯಿತು. ಮೊದಮೊದಲು ಅದು ದೊಡ್ಡ ಶಾಲೆಗಳಲ್ಲಿ ಓದಿದ ಸಿರಿವಂತರ ಮತ್ತು ಸೈನ್ಯದ ಅಧಿಕಾರಿಗಳ ಕಪ್. 1883ರ ಫೈನಲ್ಲಿನಲ್ಲಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ತಂಡ ಓಲ್ಡ್ ಇಟೋನಿಯನ್ಸ್ ತಂಡವನ್ನು 2-1ರಿಂದ ಸೋಲಿಸಿತು. ನೇಕಾರರು, ಕಾರ್ಮಿಕರು ಇದ್ದ ತಂಡ, ಈಟನ್ ಶಾಲೆಯ ಹಳೇ ವಿದ್ಯಾರ್ಥಿಗಳನ್ನು ಸೋಲಿಸಿತು. ಆಮೇಲೆ 1884, 1885, 1886ರಲ್ಲಿ ಅದೇ ಊರಿನ ಬ್ಲ್ಯಾಕ್‌ಬರ್ನ್ ರೋವರ್ಸ್.

ಫಾಲ್ ರಿವರ್‌ನ ತಂಡಗಳ ಹೆಸರು ಕೇಳಿ: ರೋವರ್ಸ್, ಒಲಿಂಪಿಕ್ಸ್! ಬರೀ ಕಾಕತಾಳೀಯ ಅಂತ ನನಗಂತೂ ಅನ್ನಿಸೋದಿಲ್ಲ. ಊರು ಬಿಟ್ಟು ಬಂದವರು ಊರಿನ ತಂಡದ ಹೆಸರನ್ನು ಹೊಸ ಊರಿಗೆ ಇಟ್ಟುಕೊಂಡರು ಅಂತಲೇ ನನ್ನ ಲೆಕ್ಕ.

1888ರಲ್ಲಿ ಈ ರೋವರ್ಸ್ ಬಂದು ನ್ಯೂವರ್ಕ್‌ನ ಆಲ್ಮಾ ತಂಡವನ್ನು ಫೈನಲ್ಲಿನಲ್ಲಿ ಸೋಲಿಸಿ ಕಪ್ ಎತ್ತಿಕೊಂಡು ಹೋದರು. ಅಲ್ಲಿಂದ ಏಳು ವರ್ಷ ಅದು ನ್ಯೂಜೆರ್ಸಿಗೆ ವಾಪಸ್ ಬರಲಿಲ್ಲ. 1888, 1889 ರೋವರ್ಸ್. 1890 ಒಲಿಂಪಿಕ್ಸ್. 1891, 1892 ಈಸ್ಟ್ ಎಂಡ್ಸ್. ಮೂರೂ ಫಾಲ್ ರಿವರ್ ತಂಡಗಳೇ. 1893ರಲ್ಲಿ ಮಾತ್ರ ರೋಡ್ ಐಲೆಂಡ್‌ನ ಪಾಟಕೆಟ್ ಫ್ರೀ ವಾಂಡರರ್ಸ್. 1894ರಲ್ಲಿ ಮತ್ತೆ ಒಲಿಂಪಿಕ್ಸ್. ಒಂದೇ ಊರಿನಿಂದ ಮೂರು ಬೇರೆ ಬೇರೆ ತಂಡ ದೇಶದ ಕಪ್ ಗೆದ್ದಿವೆ. ಇದಕ್ಕೆ ಏನಂತೀರಿ?

ಪಾಟಕೆಟ್ ಕೂಡ ಬಟ್ಟೆ ಗಿರಣಿ ಊರೇ. ಅಮೆರಿಕದಲ್ಲಿ ನೀರಿನ ಬಲದಿಂದ ಹತ್ತಿ ನೂಲುವ ಕೆಲಸವನ್ನು ಸ್ಯಾಮ್ಯುಯೆಲ್ ಸ್ಲೇಟರ್ ಶುರು ಮಾಡಿದ್ದು ಅಲ್ಲೇ.

ಬಾಲ್ಕನಿ ಟಿಕೆಟ್:
ಸರಿ, ಒಂದು ಜಿಲ್ಲೆ ಅಲ್ಲ. ಆದರೂ ದೇಶದ ಒಂದು ಮೂಲೆಯಷ್ಟೇ. 😏

ಹಳೇ ಚೆಂಡು:
ಅದು ಮಾತ್ರ ನಿಜ, ಒಪ್ಪುತ್ತೇನೆ. ಪೂರ್ವ ಕರಾವಳಿಯ ಕಪ್ ಅದು. ದೇಶದ ನಡುಭಾಗದ ಸೇಂಟ್ ಲೂಯಿಸ್‌ನಲ್ಲಿ ಆಗಲೇ ಒಳ್ಳೇ ಫುಟ್‌ಬಾಲ್ ಇತ್ತು. ಕ್ಯಾಥೊಲಿಕ್ ಚರ್ಚುಗಳ ಹುಡುಗರು ಆಡುತ್ತಿದ್ದರು, ಅಲ್ಲೇ ಹುಟ್ಟಿದವರೇ ಹೆಚ್ಚು. ಅವರು ಈ ಕಪ್ಪಿನ ಲೆಕ್ಕಕ್ಕೇ ಬರಲಿಲ್ಲ.

ಕ್ಯಾಂಟೀನ್ ಕಟ್ಟೆ:
ನನಗೊಂದು ಅನುಮಾನ. ಈ ಗಿರಣಿ ಆಟಗಾರರು ನಿಜವಾಗಲೂ ದಾರ ಸುತ್ತುತ್ತಿದ್ದರಾ? ನಮ್ಮಪ್ಪ ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿದ್ದರು. ಅಲ್ಲಿ ಫುಟ್‌ಬಾಲ್ ಆಟಗಾರರಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ. ಬೆಳಿಗ್ಗೆ ಕಾರ್ಡ್ ಪಂಚ್ ಮಾಡೋದು, ಕ್ಯಾಂಟೀನಿನಲ್ಲಿ ಇಡ್ಲಿ ತಿನ್ನೋದು, ಮಧ್ಯಾಹ್ನ ಪ್ರಾಕ್ಟೀಸಿಗೆ ಹೋಗೋದು. ಅಪ್ಪ ಲೇತ್ ಮುಂದೆ ನಿಂತು ಅವರನ್ನು ನೋಡಿ ಉರಿದುಕೊಳ್ಳುತ್ತಿದ್ದರು. ಭಾನುವಾರ ಅದೇ ಆಟಗಾರರಿಗೆ ಚಪ್ಪಾಳೆ ಹೊಡೆಯೋಕೆ ನನ್ನನ್ನೂ ಕರ್ಕೊಂಡು ಹೋಗ್ತಿದ್ದರು. ಅಲ್ಲೂ ಇದೇ ಕಥೆನಾ?

ಹಳೇ ಚೆಂಡು:
ಇಡ್ಲಿ ಒಂದು ಬಿಟ್ಟು ಉಳಿದದ್ದು ಇದ್ದರೂ ಇರಬಹುದು! ಆದರೆ ಒಂದು ಮಾತು. ಮ್ಯಾಸಚೂಸೆಟ್ಸ್‌ನಲ್ಲಿ 1874ರ ಕಾನೂನು ಹೆಂಗಸರು, ಮಕ್ಕಳ ಕೆಲಸವನ್ನು ವಾರಕ್ಕೆ 60 ಗಂಟೆಗೆ ಇಳಿಸಿತ್ತು. ಇಳಿಸಿದ ಮೇಲೆ 60, ನೆನಪಿರಲಿ. ಇಂಥ ವಾರ ಮುಗಿಸಿ ಶನಿವಾರವೋ ಹಬ್ಬದ ದಿನವೋ ಮೈದಾನಕ್ಕೆ ಇಳಿಯೋದು. ಕಂಪನಿ ಮೈದಾನ ಕೊಟ್ಟರೆ, ಒಂದು ಗಂಟೆ ಬೇಗ ಬಿಟ್ಟರೆ, ಅದೇ ದೊಡ್ಡ ಸಂಬಳ. ಇಂಗ್ಲೆಂಡಿನಲ್ಲಿ ದುಡ್ಡು ತಗೊಂಡು ಆಡೋದಕ್ಕೆ ಒಪ್ಪಿಗೆ ಸಿಕ್ಕಿದ್ದೇ 1885ರ ಜುಲೈನಲ್ಲಿ.

ಕಂಪನಿಗೂ ಲಾಭ ಇಲ್ಲದೆ ಏನಿಲ್ಲ. ಜನ ಕೆಲಸ ಬಿಟ್ಟು ಬೇರೆ ಗಿರಣಿಗೆ ಹೋಗಬಾರದು, ಭಾನುವಾರ ಕುಡಿದು ಸೋಮವಾರ ರಜೆ ಹಾಕಬಾರದು. ಜೊತೆಗೆ ದಾರದ ಹೆಸರು ಪೇಪರಿನಲ್ಲಿ ಪುಕ್ಕಟೆ ಬರುತ್ತೆ.

ಸ್ಟ್ಯಾಂಡ್ ಎ:
ಅಮೆರಿಕ ಮತ್ತು ಕೆನಡಾ ಆಡಿದ್ದೂ ಅದೇ ಕಾಲದಲ್ಲಿ ಅಂತ ಎಲ್ಲೋ ಓದಿದ್ದೆ. ಬ್ರಿಟನ್ ಹೊರಗೆ ನಡೆದ ಮೊದಲ ಅಂತಾರಾಷ್ಟ್ರೀಯ ಪಂದ್ಯ ಅಂತೆ?

ಹಳೇ ಚೆಂಡು:
1885ರ ನವೆಂಬರ್ 28. ಅದೇ ಕ್ಲಾರ್ಕ್ ಕಂಪನಿಯ ಮೈದಾನದಲ್ಲಿ. ಕೆನಡಾದವರು 1-0ರಿಂದ ಗೆದ್ದರು. ಮರುವರ್ಷ ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಮತ್ತೆ ಅಲ್ಲೇ, ಈ ಸಲ ಅಮೆರಿಕ ಗೆದ್ದಿತು. ಆದರೆ ಇವು ಅಧಿಕೃತ ಲೆಕ್ಕದಲ್ಲಿ ಇಲ್ಲ. ಅಮೆರಿಕದ ಪರ ಆಡಿದವರು ಆ ಸುತ್ತಮುತ್ತಲಿನ ಕ್ಲಬ್ಬುಗಳ ಹುಡುಗರು. ಕೆನಡಾ ಅಂದರೆ ಒಂಟಾರಿಯೋ ಕಡೆಯ ವೆಸ್ಟರ್ನ್ ಫುಟ್‌ಬಾಲ್ ಅಸೋಸಿಯೇಷನ್.

ಹ್ಯಾರಿಸನ್ ಪ್ಯಾಸೆಂಜರ್:
ಅಂದರೆ ನಾನು ಮೊನ್ನೆ ಸುಮ್ನೆ ಟೈಮ್ ಪಾಸ್ ಮಾಡಿದ ಜಾಗದ ಆಸುಪಾಸಲ್ಲೇ ಅದು ನಡೆದಿದ್ದು! ಒಂದು ಕಲ್ಲೂ ಹಾಕಿಲ್ಲವಲ್ಲ ಅಂದುಕೊಂಡೆ, ಅಥವಾ ನನ್ನ ಕಣ್ಣಿಗೆ ಬಿದ್ದಿಲ್ಲ.

ಹಾಗೇ ಇನ್ನೊಂದು. 1990 ಮತ್ತು 1994ರ ವಿಶ್ವಕಪ್ಪಿನಲ್ಲಿ ಅಮೆರಿಕಕ್ಕೆ ಆಡಿದ ಜಾನ್ ಹಾರ್ಕ್ಸ್, ಟೋನಿ ಮಿಯೋಲಾ, ಟ್ಯಾಬ್ ರಾಮೋಸ್ ಮೂವರೂ ಕಾರ್ನಿಯಲ್ಲಿ ಬೆಳೆದವರು. ನಾನು ‘1994ರ ನಂತರ ಶುರುವಾಯ್ತು’ ಅಂದೆನಲ್ಲ, ಆ 1994ರ ತಂಡಕ್ಕೇ ಈ ಗಿರಣಿ ಊರು ಮೂರು ಜನರನ್ನು ಕೊಟ್ಟಿತ್ತು. ನನ್ನ ಮೊದಲ ಪೋಸ್ಟ್ ಅಳಿಸಬೇಕು ಅನ್ನಿಸ್ತಿದೆ.

ಸೀಟಿ:
ಅಳಿಸಬೇಡಿ. ತಪ್ಪು ಪೋಸ್ಟ್ ಇದ್ದರೇ ಚರ್ಚೆ ಓಡೋದು.

ಬಾಲ್ಕನಿ ಟಿಕೆಟ್:
ಅದಕ್ಕೇ ನಾನು ಇಲ್ಲಿರೋದು.

ಮುಖ್ಯವಾದ ಪ್ರಶ್ನೆ ಕೇಳ್ತೀನಿ. ಇಷ್ಟೆಲ್ಲ ಇದ್ದದ್ದು ಆಮೇಲೆ ಎಲ್ಲಿ ಹೋಯ್ತು? ನನಗೆ ಗೊತ್ತಿರೋ ಉತ್ತರ ಒಂದೇ: ಬೇಸ್‌ಬಾಲ್ ಬಂತು, ಅಮೆರಿಕದವರಿಗೆ ಗೋಲು ಕಡಿಮೆ ಇರೋ ಆಟ ಹಿಡಿಸಲಿಲ್ಲ.

ಹಳೇ ಚೆಂಡು:
ಬೇಸ್‌ಬಾಲ್‌ನವರಿಗೆ ಫುಟ್‌ಬಾಲ್ ಮೇಲೆ ಆಸೆಯೇ ಇತ್ತು ಸ್ವಾಮಿ! 1894ರಲ್ಲಿ ಬೇಸ್‌ಬಾಲ್ ತಂಡಗಳ ಮಾಲೀಕರೇ ಸೇರಿ ಒಂದು ವೃತ್ತಿಪರ ಫುಟ್‌ಬಾಲ್ ಲೀಗ್ ಮಾಡಿದರು. ಬಾಲ್ಟಿಮೋರ್, ಬಾಸ್ಟನ್, ಬ್ರೂಕ್ಲಿನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ವಾಷಿಂಗ್ಟನ್, ಆರು ಊರು. ಚಳಿಗಾಲದಲ್ಲಿ ಮೈದಾನ ಖಾಲಿ ಬಿದ್ದಿರುತ್ತೆ, ನಾಲ್ಕು ಕಾಸು ಬರಲಿ ಅಂತ. ಬಾಲ್ಟಿಮೋರ್‌ನವರು ಇಂಗ್ಲೆಂಡಿನಿಂದಲೇ ಆಟಗಾರರನ್ನು ತರಿಸಿಕೊಂಡರು. ಅಮೆರಿಕನ್ ಫುಟ್‌ಬಾಲ್ ಅಸೋಸಿಯೇಷನ್ ಸಿಟ್ಟಾಯಿತು. ಆ ಲೀಗಿಗೆ ಸಹಿ ಹಾಕಿದವರಿಗೆ ನಮ್ಮ ಕಪ್ಪಿನಲ್ಲಿ ಜಾಗ ಇಲ್ಲ ಅಂದಿತು. ಲೀಗ್ ಅಕ್ಟೋಬರ್ 6ರಂದು ಶುರುವಾಯಿತು, ಅದೇ ತಿಂಗಳು ಬಾಗಿಲು ಹಾಕಿತು. ಪಂದ್ಯಗಳನ್ನು ವಾರದ ಮಧ್ಯದಲ್ಲೂ ಇಟ್ಟಿದ್ದರು. ಗಿರಣಿಯವನು ಬುಧವಾರ ಮಧ್ಯಾಹ್ನ ಮ್ಯಾಚಿಗೆ ಹೇಗೆ ಬರ್ತಾನೆ? ಅದನ್ನು ಯಾರೂ ಯೋಚಿಸಲಿಲ್ಲ.

ಕಡಲತೀರ:
ಇದು ಮಾತ್ರ ಸೂಪರ್. ದುಡ್ಡಿದ್ದವರು ಆಟ ಕೊಂಡರು, ಆಟ ನೋಡುವವನ ಶಿಫ್ಟ್ ಎಷ್ಟೊತ್ತಿಗೆ ಅಂತ ಕೇಳಲಿಲ್ಲ.

ಹಳೇ ಚೆಂಡು:
ಹಾಗೇ. ಕಪ್ ಮಾತ್ರ ಇನ್ನೂ ಸ್ವಲ್ಪ ವರ್ಷ ನಡೆಯಿತು. 1895ರಲ್ಲಿ ನ್ಯೂವರ್ಕ್ ಕ್ಯಾಲೆಡೋನಿಯನ್ಸ್ ಅದನ್ನು ವಾಪಸ್ ತಂದರು. 1896ರಲ್ಲಿ ಪ್ಯಾಟರ್ಸನ್ ಟ್ರೂ ಬ್ಲೂಸ್. ಪ್ಯಾಟರ್ಸನ್ ಅಂದರೆ ರೇಷ್ಮೆ ಗಿರಣಿಗಳ ಊರು. 1897ರಲ್ಲಿ ಫಿಲಡೆಲ್ಫಿಯಾದ ಮ್ಯಾಂಜ್. ಅದು ಬಿಯರ್ ಕಂಪನಿಯ ತಂಡ. 1898ರಲ್ಲಿ ಕಾರ್ನಿ ಕಡೆಯ ಆರ್ಲಿಂಗ್ಟನ್. ಹತ್ತಿ, ದಾರ, ರೇಷ್ಮೆ, ನಡುವೆ ಒಂದು ಬಿಯರ್.

ಆಮೇಲೆ ನಿಂತುಹೋಯಿತು. 1906ರಲ್ಲಷ್ಟೇ ಮತ್ತೆ ಕಪ್ ಗೆದ್ದ ತಂಡದ ಹೆಸರು ಸಿಗೋದು. ಯಾಕೆ ನಿಂತಿತು ಅಂದರೆ, ಗೋಲು ಕಡಿಮೆ ಅಂತ ಅಲ್ಲ ಬಾಲ್ಕನಿಯವರೇ. 1893ರಲ್ಲಿ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತ ಆಯಿತು. ಗಿರಣಿಗಳು ಸಂಬಳ ಕತ್ತರಿಸಿದವು. 1898ರಲ್ಲಿ ಫಾಲ್ ರಿವರ್ ಪಕ್ಕದ ನ್ಯೂ ಬೆಡ್‌ಫರ್ಡ್‌ನಲ್ಲಿ ದೊಡ್ಡ ಮುಷ್ಕರ. 1904ರಲ್ಲಿ ಫಾಲ್ ರಿವರ್‌ನಲ್ಲೇ ತಿಂಗಳುಗಟ್ಟಲೆ ಮುಷ್ಕರ, ಸುಮಾರು 25,000 ಜನ ಕೆಲಸ ನಿಲ್ಲಿಸಿದರು. ಗಿರಣಿಯ ಜೇಬು ಹರಿದರೆ ಗಿರಣಿಯ ಕಪ್ ಎಲ್ಲಿಂದ ಬರಬೇಕು? ಜೊತೆಗೆ ಸಂಘದೊಳಗಿನ ಕಿತ್ತಾಟ ಬೇರೆ.

ಸ್ಟ್ಯಾಂಡ್ ಎ:
ಇವತ್ತಿನ ಯು.ಎಸ್. ಓಪನ್ ಕಪ್ (ಟೆನಿಸ್‌ದಲ್ಲ, ಫುಟ್‌ಬಾಲಿನದ್ದು) ಇದೇನಾ ಹಾಗಾದ್ರೆ?

ಹಳೇ ಚೆಂಡು:
ಅಲ್ಲ. ಅದು ಬೇರೆ. 1913ರಲ್ಲಿ ಇನ್ನೊಂದು ಸಂಘ ಹುಟ್ಟಿತು, ಫಿಫಾ ಅದನ್ನು ಒಪ್ಪಿತು. ಅದರ ರಾಷ್ಟ್ರೀಯ ಕಪ್ 1913-14ರಿಂದ ಶುರು. ಅದೇ ಇವತ್ತಿನ ಓಪನ್ ಕಪ್. ಅದಕ್ಕೆ ಕೊಟ್ಟ ಟ್ರೋಫಿ ವಿಸ್ಕಿ ವ್ಯಾಪಾರಿ ಥಾಮಸ್ ಡ್ಯೂವಾರ್ ಅವರದ್ದು. ಹಳೇ ಅಮೆರಿಕನ್ ಕಪ್ ಅದರ ಪಕ್ಕದಲ್ಲೇ ಏದುಸಿರು ಬಿಡುತ್ತಾ 1924ರವರೆಗೆ ನಡೆಯಿತು. ಕೊನೆಗೆ ಗೆದ್ದವರು ಬೆತ್ಲೆಹೆಮ್ ಸ್ಟೀಲ್. ಅದೂ ಕಾರ್ಖಾನೆ ತಂಡವೇ. ಆದರೆ ಅಷ್ಟು ಹೊತ್ತಿಗೆ ದಾರ ಹೋಗಿ ಉಕ್ಕು ಬಂದಿತ್ತು.

ಮೋಹನ್ ಬಗಾನ್ ಅಭಿಮಾನಿ ಅಲ್ಲ:
ನಮ್ಮ ಭಾರತದ ಫುಟ್‌ಬಾಲ್ ಟೂರ್ನಮೆಂಟ್ ಡ್ಯೂರಾಂಡ್ ಕಪ್ 1888. ಅಂದರೆ ಅಮೆರಿಕದವರು ನಮಗಿಂತ ನಾಲ್ಕು ವರ್ಷ ಮುಂದೆ ಶುರು ಮಾಡಿ, ಸೊನ್ನೆಗೆ ತಂದು ನಿಲ್ಲಿಸಿದರು. ನಮ್ಮದು ಇನ್ನೂ ನಡೀತಿದೆ. 💪 ಒಂದು ಮಜಾ ವಿಷಯ: ಆ ಕಪ್ ಶುರು ಮಾಡಿದ ಮಾರ್ಟಿಮರ್ ಡ್ಯೂರಾಂಡ್ ಆಮೇಲೆ 1903ರಿಂದ 1906ರವರೆಗೆ ಅಮೆರಿಕದಲ್ಲೇ ಬ್ರಿಟಿಷ್ ರಾಯಭಾರಿ. ಅಮೆರಿಕನ್ ಕಪ್ ಮಲಗಿದ್ದ ವರ್ಷಗಳಲ್ಲೇ!

ಕ್ಯಾಂಟೀನ್ ಕಟ್ಟೆ:
ನಮ್ಮಲ್ಲಿ ಶುರುವಾದದ್ದು ಶಿಮ್ಲಾದಲ್ಲಿ, ಸೈನ್ಯದವರಿಗೆ. ಅವರಲ್ಲಿ ಶುರುವಾದದ್ದು ಗಿರಣಿಯವರಿಗೆ. ನಮ್ಮಲ್ಲಿ ಸೈನ್ಯ ಬಿಟ್ಟು ಹೊರಗಿನವರ ಕೈಗೆ ದೊಡ್ಡ ಕಪ್ ಬರೋಕೆ ಎಷ್ಟು ಕಾಲ ಬೇಕಾಯ್ತು ನೋಡಿ. ಮುಂಬೈಯ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಇದನ್ನು ನಮ್ಮೂರಿನಲ್ಲೇ ಎಷ್ಟು ಜನ ನೆನಪಿಟ್ಟಿದ್ದಾರೆ? ಅಮೆರಿಕದವರು ಮರೆತರು ಅಂತ ಬೈಯೋಕೆ ನಮಗೆ ಬಾಯಿಲ್ಲ.

ಹೊಲಿಗೆಮಿಷನ್:
ಫುಟ್‌ಬಾಲ್ ನನಗೆ ಅಷ್ಟಾಗಿ ಗೊತ್ತಿಲ್ಲ. ದಾರ ಅಂತ ನೋಡಿ ಬಂದೆ. ಅಮ್ಮ ಟೈಲರಿಂಗ್ ಮಾಡ್ತಿದ್ರು. ಈ ಕ್ಲಾರ್ಕ್ ಕಂಪನಿ ಆಮೇಲೆ ಏನಾಯ್ತು?

ಹಳೇ ಚೆಂಡು:
ಪೇಯ್ಸ್ಲಿಯಲ್ಲಿ ಇವರಿಗೆ ಎದುರಾಳಿ ಕಂಪನಿ ಒಂದಿತ್ತು, ಜೆ. ಅಂಡ್ ಪಿ. ಕೋಟ್ಸ್. ಕೋಟ್ಸ್‌ನವರ ಅಮೆರಿಕದ ಗಿರಣಿ ಇದ್ದದ್ದು ಪಾಟಕೆಟ್‌ನಲ್ಲಿ. ಮೇಲೆ ಹೇಳಿದ ಅದೇ ಪಾಟಕೆಟ್. 1896ರಲ್ಲಿ ಕೋಟ್ಸ್‌ನವರು ಕ್ಲಾರ್ಕ್ ಕಂಪನಿಯನ್ನು ತಮ್ಮೊಳಗೆ ಸೇರಿಸಿಕೊಂಡರು. ಆಮೇಲೆ 1920ರ ದಶಕದಲ್ಲಿ ಜೆ. ಅಂಡ್ ಪಿ. ಕೋಟ್ಸ್ ಅಂತಲೇ ಒಂದು ಫುಟ್‌ಬಾಲ್ ತಂಡ ಅಮೆರಿಕದ ವೃತ್ತಿಪರ ಲೀಗಿನಲ್ಲಿ ಆಡಿತು.

ಪೇಯ್ಸ್ಲಿಯಲ್ಲಿ ಕ್ಲಾರ್ಕ್‌ನವರ ಗಿರಣಿಯ ಹೆಸರು ‘ಆಂಕರ್ ಮಿಲ್’.

ಹೊಲಿಗೆಮಿಷನ್:
ಆಂಕರ್ ಅಂದ್ರೆ… ಕಸೂತಿ ದಾರ ಆಂಕರ್?

ಹಳೇ ಚೆಂಡು:
ಅದೇ. ನಮ್ಮಲ್ಲಿ ಮದುರಾ ಕೋಟ್ಸ್ ಅಂತ ಬರ್ತಿತ್ತಲ್ಲ, ಆ ಕೋಟ್ಸ್‌ನದ್ದು.

ಹೊಲಿಗೆಮಿಷನ್:
ಒಂದು ನಿಮಿಷ. ಅಮ್ಮನ ಹಳೇ ಬಿಸ್ಕತ್ ಡಬ್ಬಿ ಅಟ್ಟದ ಮೇಲಿದೆ, ಇಳಿಸಿ ನೋಡಿ ಹೇಳ್ತೀನಿ.

ಹೊಲಿಗೆಮಿಷನ್:
ಸಿಕ್ತು. ಕೆಂಪು, ಹಸಿರು, ಒಂದು ಅರ್ಧ ಮುಗಿದ ಹಳದಿ. ಮೂರರ ಪಟ್ಟಿ ಮೇಲೂ ಲಂಗರಿನ ಚಿತ್ರ ಇದೆ. ಅಮ್ಮನಿಗೆ ಫೋನ್ ಮಾಡಿ ‘ಇದರ ಹಿಂದಿನವರು ಅಮೆರಿಕದಲ್ಲಿ ಫುಟ್‌ಬಾಲ್ ಕಪ್ ಗೆದ್ದಿದ್ರಂತೆ’ ಅಂದೆ. ‘ಹಳದಿ ಮುಗಿದಿಲ್ಲ ತಾನೇ? ಎಸೀಬೇಡ’ ಅಂದ್ರು.